ಮೊದಲು ಡೊಲೊರೆಸ್, ಆಮೇಲೆ ಓಟಗಾರ

ಗಿರಣಿ ಬೀದಿ, ಎರೀ
ಥ್ಯಾಂಕ್ಸ್‌ಗಿವಿಂಗ್ ಮರುದಿನ, ಶುಕ್ರವಾರ

ಪ್ರೀತಿಯ ಕ್ಯಾಸ್ (ಈ ಮಾತನ್ನು ನಾನಿನ್ನೂ ವಾಪಸು ತೆಗೆದುಕೊಂಡಿಲ್ಲ),

ಗೆದ್ದೆವು! ಕ್ಷೇಮ ಸಮಾಚಾರ ಆಮೇಲೆ. ಅಕ್ಷರ ಯಾಕೆ ಹೀಗಿದೆ ಎಂದು ಕೇಳಬೇಡ, ಚಳಿ ಜಾಸ್ತಿ. ಥ್ಯಾಂಕ್ಸ್‌ಗಿವಿಂಗ್ ಫುಟ್‌ಬಾಲ್ ಪಂದ್ಯದ ಬಹುಮಾನ, ಆ ಹಳೇ ಕಬ್ಬಿಣದ ಬಾಣಲೆ, ಆರು ವರ್ಷದ ಮೇಲೆ ಗುಡ್ಡದ ಬೀದಿಯಿಂದ ಇಳಿದು ನಮ್ಮ ಅಡುಗೆಮನೆಗೆ ಬಂದಿದೆ. ಇನ್ನು ನೀನು ಮಾತು ಉಳಿಸಿಕೊಳ್ಳಬೇಕು. ಬ್ಯಾಗು ಹೆಗಲಿಗೇರಿಸಿ ನಿನ್ನ ಅಣ್ಣನ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು ಏನು ಹೇಳಿದ್ದೆ? "ಆ ದಪ್ಪನೋರನ್ನ ಮೊದ್ಲು ಆರಿಸ್ಕೊಂಡು ಗೆದ್ದು ತೋರ್ಸು, ನಾನೇ ಬಂದು ಕ್ಷಮೆ ಕೇಳ್ತೀನಿ. ಸೋತ್ರೆ ಕ್ರಿಸ್‌ಮಸ್‌ಗೂ ನನ್ನ ದಾರಿ ನೋಡ್ಬೇಡ" ಎಂದಿದ್ದೆ.

ಬುಧವಾರ ಸಂಜೆ ಎಂದಿನಂತೆ ಎರಡೂ ಬೀದಿಯವರು ಚರ್ಚಿನ ನೆಲಮಾಳಿಗೆಯಲ್ಲಿ ಆಟಗಾರರನ್ನು ಆರಿಸಿಕೊಳ್ಳಲು ಸೇರಿದೆವು. ಹೋದ ವರ್ಷ ಸೋತವರಿಗೆ ಮೊದಲ ಆಯ್ಕೆ ತಾನೇ. ನಿನ್ನ ಜಾಗದಲ್ಲಿ ನಾಯಕಿಯಾಗಿ ನಾನು ಏಳುವಷ್ಟರಲ್ಲಿ ನನ್ನ ತಂಗಿಯ ಮಗ ಟ್ರೆವರ್ ಕುರ್ಚಿಯಿಂದ ಅರ್ಧ ಎದ್ದಿದ್ದ. ಪ್ರತಿ ವರ್ಷ ನೀನು ಮೊದಲು ಕರೆದದ್ದು ಅವನನ್ನೇ. ಚೆಂಡು ಹಿಡಿದು ಅವನಷ್ಟು ಜೋರಾಗಿ ಓಡುವವರು ಊರಲ್ಲಿಲ್ಲ, ಒಪ್ಪುತ್ತೇನೆ. ನಾನು ಮಾತ್ರ ಡೊಲೊರೆಸ್ ಹೆಸರು ಕೂಗಿದೆ.

ಡೊಲೊರೆಸ್ ಚರ್ಚಿನ ಅಡುಗೆಮನೆಯಿಂದ ಪಿಯರೋಗಿ ಕಡುಬಿನ ಹಿಟ್ಟಿನ ಕೈಯಲ್ಲೇ ಬಂದು, "ನನ್ನನ್ನಾ? ಪಾತ್ರೆ ತೊಳ್ಯೋಕಾ?" ಎಂದಳು. ಗುಡ್ಡದವರು ಬಿದ್ದು ಬಿದ್ದು ನಕ್ಕು ಟ್ರೆವರ್‌ನನ್ನು ಆರಿಸಿಕೊಂಡರು. ಎರಡನೆಯದಾಗಿ ನಾನು ಲಾರಿ ಓಡಿಸುವ ಸ್ಟಾಶ್‌ನನ್ನು ಕರೆದೆ. "ಲೊರೆಟಾ, ನೀನು ಟೀಮ್ ಕಟ್ತಿದೀಯೋ, ಗೋಡೆ ಕಟ್ತಿದೀಯೋ?" ಎಂದು ಯಾರೋ ಕೂಗಿದರು. "ಗೋಡೆನೇ ಕಣೋ. ನಾಳೆ ಬಂದು ತಲೆ ಚಚ್ಕೊಂಡು ನೋಡು" ಎಂದೆ. ಓಟಗಾರನ ಸರದಿ ಬರುವ ಹೊತ್ತಿಗೆ ಉಳಿದಿದ್ದವರು ಆರ್ಗನ್ ನುಡಿಸುವ ಹ್ಯೂಬರ್ಟ್ ಒಬ್ಬರೇ. ಅವರ ಮೊಣಕಾಲು ನಿನಗೆ ಗೊತ್ತು.

ಮರುದಿನ ಪಂದ್ಯದ ಮೊದಲರ್ಧದಲ್ಲಿ ಹ್ಯೂಬರ್ಟ್ ಚೆಂಡನ್ನು ಎರಡು ಸಲ ಕೈಬಿಟ್ಟರು. ನಾವು ಹಿಂದೆ ಬಿದ್ದೆವು. ಕ್ರಿಸ್‌ಮಸ್ ಮೇಜಿನ ಮೇಲೆ ಒಂದೇ ತಟ್ಟೆ ಇರುವುದು ನನ್ನ ಕಣ್ಣಿಗೆ ಕಟ್ಟಿತು. ಆದರೆ ಟ್ರೆವರ್‌ಗೂ ಮುಂದೆ ನಿಂತು ನಮ್ಮನ್ನು ತಡೆದು ದಾರಿ ಮಾಡಿಕೊಡುವವರು ಯಾರೂ ಇರಲಿಲ್ಲ. ಅವನು ಎರಡು ಹೆಜ್ಜೆ ಇಡುವುದರೊಳಗೆ ನಮ್ಮ ಗೋಡೆಯೇ ಅವನ ಮೇಲೆ ಬೀಳುತ್ತಿತ್ತು. ಡೊಲೊರೆಸ್ ಅಡಿಯಲ್ಲಿ ಸಿಕ್ಕಿಕೊಂಡು ಪಾಪ, "ಆಂಟೀ, ನಮ್ಮೋರೆಲ್ಲಾ ಎಲ್ಲಿದಾರೆ?" ಎಂದು ಕೇಳಿದ. "ಹಿಂದೆ ನಿಂತು ನಿನ್ನ ಓಟ ನೋಡ್ತಿದಾರೆ ಕಂದಾ" ಎಂದಳು ಅವಳು.

ಕೊನೆಯ ಸರದಿಯಲ್ಲಿ ನಮ್ಮ ಮುಂದಿನ ಸಾಲಿನ ಮೂವರೂ ಒಟ್ಟಿಗೆ ತಳ್ಳಿದರು. ಗ್ಯಾರೇಜಿನ ಬಾಗಿಲಷ್ಟು ಅಗಲದ ದಾರಿ ತೆರೆಯಿತು. ಹ್ಯೂಬರ್ಟ್ ಚೆಂಡು ಹಿಡಿದು ನಡೆಯುತ್ತಿದ್ದಾರೆ! "ಓಡ್ರೀ!" ಎಂದು ಎಲ್ಲರೂ ಕಿರುಚಿದರೆ, "ಯಾಕ್ರೀ ಅವಸರ? ಯಾರೂ ಇಲ್ವಲ್ಲ" ಎನ್ನುತ್ತಾ ಗೆರೆ ದಾಟಿ ಗೆಲ್ಲಿಸಿಬಿಟ್ಟರು. ನಕ್ಕೂ ನಕ್ಕೂ ನನಗೆ ಅಳು ಬಂತು.

ಕ್ಯಾಸ್, ನಮ್ಮ ಜಗಳ ಬರೀ ಆಟದ್ದಲ್ಲ. ನೀನು ಊರಿಗೆಲ್ಲ ಬೇಕಾದವನು, ಎಲ್ಲಿ ಹೋದರೂ ಚಪ್ಪಾಳೆ. ಮುಂದೆ ನಿಂತು ದಾರಿ ಬಿಡಿಸುವವರನ್ನೂ ನೀನು ಒಮ್ಮೆ ಹೆಸರು ಹಿಡಿದು ಕರೆಯಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಈಗ ಕೋಪವಿಲ್ಲ. ನೀನಿಲ್ಲದೆ ಮನೆ ಬೇಜಾರು, ಬಾ.

ಗೆದ್ದ ಸೊಕ್ಕಿನಲ್ಲಿರುವ ನಿನ್ನ
ಲೊರೆಟಾ

ತಾ.ಕ.: ಈ ಅಕ್ಷರ ಡೊಲೊರೆಸ್‌ದು, ಚಳಿಯ ಮಾತು ಸುಳ್ಳು. ನನ್ನ ಬಲಗೈ ಪ್ಲಾಸ್ಟರಿನಲ್ಲಿದೆ. ಮುಂದಿನ ಸಾಲಿನಲ್ಲಿ ಮೂವರಿದ್ದರು ಎಂದೆನಲ್ಲ, ಮೂರನೆಯವಳು ನಾನೇ. ಗಾಬರಿಯಾಗಬೇಡ, ಆ ದಾರಿಯ ಎಡಭಾಗ ತೆರೆದದ್ದು ನಾನು! ಕ್ಷಮೆ ನಿಧಾನವಾಗಿ ಕೇಳು, ಮೊದಲು ಬಂದು ನನ್ನ ಬೂಟಿನ ದಾರ ಕಟ್ಟು.