ಗುಲಾಬಿ ಶೆಡ್ಡಿಗೆ ಹೋದವರು

ಜನವರಿ 6, ಶನಿವಾರ

ಇವರ ಬೆಳಗಿನ ಮಾತ್ರೆ ಆಯಿತು. ಎರಡು ಬ್ಲೌಸ್ ಹೊಲಿದೆ. ಒಂದರ ತೋಳು ಉಲ್ಟಾ, ಬಿಚ್ಚಬೇಕು. ಇವರ ಮೈ ಸ್ವಲ್ಪ ಬೆಚ್ಚಗಿದೆ. ಜ್ವರ ಅನ್ನುವಷ್ಟಿಲ್ಲ.

ಕಿಡ್ನಿ ಹಾಕಿಸಿದ ಮೇಲೆ ಮಾತೇ ಬಿಟ್ಟಿದ್ದ ಮನುಷ್ಯ ಇವತ್ತು ಬಾಯಿ ಮುಚ್ಚಲಿಲ್ಲ. ಎಲ್ಲಾ ಬಾಗಲೂರಿನ ಗುಲಾಬಿ ಶೆಡ್ಡಿನ ಕಥೆ. ನಾನಲ್ಲಿ ಹೂವಿನ ಕಟ್ಟು ಕಟ್ಟುತ್ತಿದ್ದೆ, ಇವರು ಮೋಟರ್ ರಿಪೇರಿಗೆ ಬರುತ್ತಿದ್ದರು. ಮುಳ್ಳು ಚುಚ್ಚದಿರಲಿ ಅಂತ ನನ್ನ ಬೆರಳಿಗೆ ಇನ್ಸುಲೇಶನ್ ಟೇಪ್ ಸುತ್ತಿದ್ದು... ಮದುವೆಯಾದ ಮೇಲೆ ಆ ಮಾತು ಒಂದು ಸಲವೂ ಎತ್ತಿರಲಿಲ್ಲ, ಮಹಾರಾಯ!

"ಟೇಪ್ ಯಾವ್ ಬಣ್ಣ ಅಂದ್ರೆ ಕೆಂಪೇ ಬೇಕು ಅಂದೆ ನೀನು," ಅಂದರು. ಈ ವಯಸ್ಸಿನಲ್ಲಿ ನಾಚಿಕೆಯಾಯಿತು.

ಜನವರಿ 8

ಇವತ್ತೂ ಅದೇ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದೆ. ಮೂಗು ಅರಳಿಸಿ, "ಗುಲಾಬಿ ವಾಸ್ನೆ ಬತ್ತೈತೆ, ಲೋಡ್ ಬಂತಾ?" ಅಂದರು. "ಬೆಳ್ಳುಳ್ಳಿ ಕಣ್ರೀ ಅದು!" ಅಂತ ನಕ್ಕೆ. ಅವರು ನಗಲಿಲ್ಲ.

ಉದ್ದನಪಲ್ಲಿಯಿಂದ ಮೈದುನ ಮುನಿರಾಜ್ ಫೋನ್ ಮಾಡಿದ್ದ. "ನಿಮ್ಮಣ್ಣ ಹೊಸ ಮದ್ವೆಗಂಡು ಆಗವ್ರೆ ಕಣಪ್ಪ," ಅಂದೆ.

ಜನವರಿ 9

ಊಟಕ್ಕೆ ಕೂತವರ ಬಾಯಿ ಒಂದು ಕಡೆಗೆ ಎಳೆಯಿತು. ಕೈ ಅದುರಿತು. ಕರೆದರೆ ಓಗೊಡಲಿಲ್ಲ. ಮತ್ತಿಗಿರಿಯ ಮನೆಯಿಂದ ಆಟೋದಲ್ಲಿ ಆಸ್ಪತ್ರೆ. ಐಸಿಯು.

ಜನವರಿ 13

ಬೆನ್ನಿನಿಂದ ನೀರು ತೆಗೆದರು, ತಲೆಗೆ ಸ್ಕ್ಯಾನ್. ಡಾಕ್ಟರ್ ಹಂಸಾ ಕೂರಿಸಿಕೊಂಡು ಹೇಳಿದರು. ತುಟಿ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಇವರ ಮೆದುಳಿಗೆ ಹೋಗಿದೆಯಂತೆ. ಕಿಡ್ನಿ ಉಳಿಯಲಿ ಅಂತ ತಿನ್ನುವ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದೆ. ಅದಕ್ಕೇ ಜ್ವರವೂ ಜೋರಾಗಿ ಬರಲಿಲ್ಲ. ನೆನಪಿನ ಜಾಗವೇ ಊದಿಕೊಂಡಿದೆ.

"ಹಳೇದೇ ಮಾತಾಡ್ತಿದ್ರಾ?" ಹೂಂ ಅಂದೆ. "ಇಲ್ಲದ ವಾಸನೆ ಬರ್ತಿತ್ತಾ?" ಹೂಂ.

ಅದು ಕಾಯಿಲೆಯಂತೆ. ನಾನು ಪ್ರೀತಿ ಅಂದುಕೊಂಡಿದ್ದೆ.

ಜನವರಿ 15, ಪೊಂಗಲ್

ಡ್ರಿಪ್ಪಿನಲ್ಲಿ ಔಷಧ ಹೋಗುತ್ತಿದೆ. ಅದು ಕಿಡ್ನಿಗೂ ಕಷ್ಟವಂತೆ, ದಿನಾ ರಕ್ತ ನೋಡುತ್ತಾರೆ. ನಾನು ಕೊಟ್ಟ ಕಿಡ್ನಿ. ನನ್ನಷ್ಟೇ ಮೊಂಡು, ತಡೆದುಕೊಳ್ಳುತ್ತೆ. ನನಗೆ ಬೇಕಾದ್ದು ಒಂದೇ — ಕಣ್ಣು ಬಿಟ್ಟಾಗ ನನ್ನ ಗುರುತು ಸಿಗಲಿ.

ಜನವರಿ 29

ವಾರ್ಡಿಗೆ ತಂದರು. ಮುನಿರಾಜನ ಗುರುತು ಸಿಕ್ಕಿತು! "ಯಾಕ್ಲಾ ಇಷ್ಟ್ ದಪ್ಪ ಆಗೋಗಿದ್ದೀಯ?" ಅಂದರು. ಎಲ್ಲರೂ ನಕ್ಕೆವು. ನನ್ನನ್ನು ನೋಡಿ, ಯಾರೋ ಅನ್ನುವಂತೆ ಕಣ್ಣು ತಿರುಗಿಸಿದರು.

ನೆನಪು ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಲಾಗದಂತೆ. ಡಾಕ್ಟರಮ್ಮ ಅಷ್ಟೇ ಹೇಳಿದ್ದು.

ಫೆಬ್ರವರಿ 1, ಬೆಳಿಗ್ಗೆ

ಇಡ್ಲಿ ತಿನ್ನಿಸಿದೆ. ಬಾಯಿ ಒರೆಸಿಕೊಂಡು ನೆಟ್ಟಗೆ ಕೂತರು. ನನ್ನ ಬಿಳಿ ಕೂದಲನ್ನೇ ನೋಡಿದರು.

"ಅಮ್ಮಾ, ನೀವು ಮಂಗಳಾನ ತಾಯಿ ಅಲ್ವಾ? ಮುಖ ಹಂಗೇ ಐತೆ."

ಮಂಗಳಾ ನಾನೇ ಅನ್ನದೆ ಇಡ್ಲಿ ತಟ್ಟೆ ಕೆಳಗಿಟ್ಟೆ.

"ಶೆಡ್‌ನಾಗೆ ಎಲ್ಲಾರ್ ಮುಂದೆ ಅವ್ಳನ್ನ ಕೇಳಕ್ಕೆ ಧೈರ್ಯ ಇಲ್ಲ. ನೀವೇ ಕೊಟ್ಬುಡಿ. ಚೆನ್ನಾಗ್ ನೋಡ್ಕತ್ತೀನಿ."

ಪಕ್ಕದಲ್ಲಿ ಕೂತಿದ್ದ ಮುನಿರಾಜ್ ಎದ್ದು ಹೊರಗೆ ಹೋದ. ನಾನೂ ಎದ್ದು ಓಡಬೇಕು ಅನ್ನಿಸಿತು. ಆದರೆ ಹೆಣ್ಣು ಕೇಳಲು ಬಂದವರನ್ನು ಹಾಗೆ ಬಿಟ್ಟು ಹೋಗುವುದುಂಟೇ? ಅಮ್ಮ ಅವತ್ತು ಇವರನ್ನು ಕೇಳಿದ್ದನ್ನೇ ಕೇಳಿದೆ. "ಏನ್ ಕೆಲ್ಸ ಮಾಡ್ತೀಯಪ್ಪ?"

"ಮೋಟರ್ ರಿಪೇರಿ."

"ಅವ್ಳಿಗೆ ಕೋಪ ಜಾಸ್ತಿ."

"ಗೊತ್ತು ಬುಡಿ," ನಕ್ಕರು. ಅದೇ ನಗು... ಎಷ್ಟು ವರ್ಷವಾಗಿತ್ತು ನೋಡಿ.

"ಕೊಟ್ಟೆ ಕಣಪ್ಪ," ಅಂದೆ.

ಮಂಚದಿಂದ ಇಳಿದು ನನ್ನ ಕಾಲಿಗೆ ಬೀಳಲು ಬಗ್ಗಿದರು. ಗಂಡ ಹೆಂಡತಿಯ ಕಾಲಿಗೆ! ಭುಜ ಹಿಡಿದು ತಡೆದೆ. "ಅಯ್ಯೋ, ಬ್ಯಾಡ ಏಳ್ರೀ," ಅಂದುಬಿಟ್ಟೆ, ಮನೆಯಲ್ಲಿ ಗದರುವ ಹಾಗೆಯೇ.

ಬಗ್ಗಿದವರು ಹಾಗೇ ನಿಂತರು. ತಲೆ ಎತ್ತಿ ನನ್ನನ್ನೇ ನೋಡಿದರು. ಆಮೇಲೆ ನನ್ನ ಬೆರಳು ಹಿಡಿದು, "ಮಂಗಳಾ, ಟೇಪ್ ಎಲ್ಲಿ?" ಅಂದರು.