ದಪ್ಪ ತಂತಿ

ಆಳಂದ, ಗುರುವಾರ, ೯ ಡಿಸೆಂಬರ್ ೧೯೪೩

ಇವತ್ತು ಕರೆಂಟಿನ ಕೆಲಸ ಕಲಿಸುವ ಮಿಸ್ತ್ರಿಗೆ ಸುಳ್ಳು ಹೇಳಿದೆ. ಹತ್ತಿ ಗಿರಣಿಯ ಫ್ಯೂಸು ಮೂರನೆಯ ಸಲ ಸುಟ್ಟಾಗ, ಬೇಸತ್ತು ಸಣ್ಣ ತಂತಿಯ ಬದಲು ದಪ್ಪ ತಾಮ್ರದ ತಂತಿ ಸುತ್ತಿಬಿಟ್ಟೆ. ದೀಪಗಳು ಉರಿದವು.

“ಯಾವ ತಂತಿ ಹಾಕಿದಿ ಲೇ ಅಮೃತ?” ಎಂದು ಹುಸೇನಸಾಬ ಮಿಸ್ತ್ರಿ ಕೇಳಿದರು.

“ಸಣ್ಣದೇ ರೀ.”

“ಶಾಬಾಸ್! ಸಾಲಿ ಬಿಟ್ರೂ ಶಾಣ್ಯಾ ಆಗಾಕತ್ತಿ.”

ಆ ಶಾಬಾಸ್ ಇನ್ನೂ ಚುಚ್ಚುತ್ತಿದೆ. ಹೊರೆ ಹೆಚ್ಚಾದರೆ ಸಣ್ಣ ತಂತಿ ಸುಟ್ಟು ಕರೆಂಟು ನಿಲ್ಲಿಸುತ್ತದೆ; ದಪ್ಪ ತಂತಿ ಸುಡುವುದಿಲ್ಲ. ಗೋಡೆಯ ತಂತಿಯೇ ಕಾದು ಹತ್ತಿಗೆ ಬೆಂಕಿ ಬೀಳಬಹುದು. ಆ ಗೋಡೆಯ ಬುಡದಲ್ಲೇ ಅವ್ವ ಹತ್ತಿ ಆರಿಸಲು ಕೂರುವುದು.

ನಿಜ ಹೇಳಿದರೆ ಮಿಸ್ತ್ರಿ ಹೊರಗೆ ಹಾಕುತ್ತಾರೆ. ನನಗೆ ಬೇರೆ ಕೆಲಸ ಬಾರದು.

ಬೆಳಕು ಹರಿಯುವ ಮೊದಲೇ ಗಿರಣಿಯ ಡೈನಮೊ ಶುರುವಾಗುತ್ತದೆ. ಅವ್ವ ನಾಳೆಯ ರೊಟ್ಟಿ ಕಟ್ಟಿಟ್ಟು ಮಲಗಿದ್ದಾಳೆ. ಇಲ್ಲ, ಈಗಲೇ ಹೋಗಿ ಮಿಸ್ತ್ರಿಯ ಬಾಗಿಲು ಬಡಿಯುತ್ತೇನೆ. ಮೊದಲ ಮಾತು ಏನೆಂದು ದಾರಿಯಲ್ಲಿ ಯೋಚಿಸುತ್ತೇನೆ.