ಹನ್ನೆರಡು ನಿಮಿಷದ ಆಟ

ಮಾರ್ಚ್ ೧೨, ಬುಧವಾರ
ಆಸ್ಪತ್ರೆ ಲಾಂಡ್ರಿಯ ಇಸ್ತ್ರಿ ಕೋಣೆಯಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಸೊಂಟನೋವು ಕಡಿಮೆಯಾಯಿತೇ? ಬಸ್ಸಿನ ಸೀಟಿಗೆ ಒಂದು ದಿಂಬು ಹಾಕಿಕೋ ಎಂದು ಎಷ್ಟು ಸಲ ಹೇಳಿದ್ದೇನೆ, ಹಾಕಿಕೊಂಡಿರಲಾರೆ. ಡ್ರೈವರುಗಳೆಲ್ಲ ಹಾಗೇ, ಚಕ್ರಕ್ಕೆ ತಪ್ಪದೆ ಗಾಳಿ ಹಾಕಿಸುತ್ತೀರಿ, ನಿಮ್ಮ ಮೈ ಮಾತ್ರ ದೇವರ ಪಾಲು. ನಿನ್ನ ಮನೆಯವಳ ಬಿ.ಪಿ. ಇಳಿದಿದೆಯೇ? ಮಗಳು ಪಟಾಕಿ ಹೇಗಿದ್ದಾಳೆ, ಅವಳ ಬಾಯಿ ಒಂದು ಗಳಿಗೆಯಾದರೂ ಸುಮ್ಮನಿರುತ್ತದೆಯೇ? ನಿನ್ನ ಭಾವ ಚೆನ್ನಾಗಿದ್ದಾರೆ. ಅಂಗಡಿಯಲ್ಲಿ ಊರಿನವರ ಬೀಗಗಳನ್ನೆಲ್ಲ ಬಿಚ್ಚಿಕೊಂಡು ಕೂತಿದ್ದಾರೆ, ನಮ್ಮ ಮನೆಯ ಬೀಗ ಕೆಟ್ಟು ಎರಡು ತಿಂಗಳಾಯಿತು. ಚೆನ್ನಾಗಿಲ್ಲದವಳು ನಾನೊಬ್ಬಳೇ. ಫೋನ್ ಮಾಡಬಹುದಿತ್ತು, ಆದರೆ ನೀನು ಸ್ಪೀಕರಿಗೆ ಹಾಕಿ ಇಡೀ ಬಸ್ಸಿಗೆ ಕೇಳಿಸುತ್ತೀಯ. ಇದು ಬಸ್ಸಿಗೆ ಕೇಳಿಸುವ ಮಾತಲ್ಲ.

ಮೊದಲು ಸಿಹಿ ಸುದ್ದಿ. ನನ್ನ ಮಗಳು ಇಲ್ಲಿ, ಈ ದೇಶದ ಹ್ಯಾಂಡ್‌ಬಾಲ್ ತಂಡಕ್ಕೆ ಗೋಲು ಕಾಯುವ ಗೋಲಿಯಾಗಿ ಆಯ್ಕೆಯಾಗಿದ್ದಾಳೆ. ಜೊತೆಯವರು ಅವಳನ್ನು 'ಗೋಡೆ' ಎಂದು ಕರೆಯುವುದು ನಿನಗೆ ಗೊತ್ತಲ್ಲ, ಈಗ ಮನೆಯಲ್ಲೂ ಅದೇ ಹೆಸರು. ಪಟ್ಟಿಯಲ್ಲಿ ಅವಳ ಹೆಸರು ನೋಡುತ್ತ ನಾನು ಇಸ್ತ್ರಿಪೆಟ್ಟಿಗೆ ಮರೆತು ಡಾಕ್ಟರರ ಒಂದು ಬಿಳಿ ಕೋಟು ಸುಟ್ಟೆ. ಮೇಲ್ವಿಚಾರಕಿ ಬೈಯಲಿಲ್ಲ, ಕೋಟಿನ ಸುಟ್ಟ ತೋಳನ್ನು ಎತ್ತಿ ಎಲ್ಲರಿಗೂ ತೋರಿಸಿ ನಕ್ಕಳು.

ಆಮೇಲೆ ಬಂತು ಆ ಫಾರಂ. ನಾಲ್ಕು ಪುಟ. ಹುಟ್ಟಿದ ಊರು ಯಾವುದು, ಎಷ್ಟು ವರ್ಷದಿಂದ ಇಲ್ಲಿದ್ದೀರಿ, ತಾಯಿ ಯಾವ ದೇಶದವಳು. ನಾನು ಗಡಿಯಾಚೆಯಿಂದ ಮದುವೆಯಾಗಿ ಬಂದವಳೆಂದು ಬರೆದೆವು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅದಕ್ಕೇನೂ ಅಡ್ಡಿಯಿಲ್ಲವಂತೆ. ಮೂರನೆಯ ಪುಟದಲ್ಲಿ ಮಾತ್ರ ಒಂದು ಸಾಲು: 'ಬೇರೆ ಯಾವುದೇ ದೇಶದ ಪರವಾಗಿ, ಯಾವುದೇ ವಯಸ್ಸಿನವರ ಅಧಿಕೃತ ಪಂದ್ಯದಲ್ಲಿ ನಾನು ಆಡಿಲ್ಲ.' ಕೆಳಗೆ ಸಹಿ. ಆಡಿದ್ದರೆ ಈ ದೇಶಕ್ಕೆ ಆಡುವಂತಿಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದರೆ ಎಲ್ಲಿಯೂ, ಯಾವತ್ತೂ ಆಡುವಂತಿಲ್ಲ. ಗೋಡೆ ಆ ಸಾಲು ಓದಿ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಪಾತ್ರೆ ನೋಡಿದೆ.

ನಿನಗೆ ನೆನಪಾಯಿತಲ್ಲ? ನಾಲ್ಕು ವರ್ಷದ ಹಿಂದೆ, ನಾವು ರಜೆಗೆಂದು ನಿನ್ನ ಮನೆಗೆ ಬಂದಿದ್ದಾಗ. ನಿಮ್ಮ ದೇಶದ ಕಿರಿಯರ ತಂಡದ ಬಸ್ಸು ನೀನೇ ಓಡಿಸುತ್ತಿದ್ದೆ, ಪಟಾಕಿ ಆ ತಂಡದ ಎರಡನೆಯ ಗೋಲಿ. ಒಂದು ಅಧಿಕೃತ ಪಂದ್ಯದ ನಡುವೆ ಮೊದಲನೆಯವಳ ಮಣಿಕಟ್ಟು ಉಳುಕಿತು. ಪಟಾಕಿಯೋ, ಹೆದರಿಕೆಗೆ ವಾಂತಿ ಮಾಡಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿದ್ದಳು. 'ಹನ್ನೆರಡು ನಿಮಿಷ ತಾನೇ ಅಕ್ಕಾ, ಎರಡೂ ಒಂದೇ ಅಚ್ಚು, ಯಾರಿಗ್ ಗೊತ್ತಾಗತ್ತೆ' ಅಂದೆ ನೀನು. ಅಂದವನು ನೀನು, ನಿಜ. ಆದರೆ ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಪಟಾಕಿಯ ಹಾಗೇ ಎರಡು ಜಡೆ ಬಿಗಿಯಾಗಿ ಹೆಣೆದವಳು ನಾನು. ಅವಳ ಅಂಗಿ ತೊಟ್ಟು, ಅವಳ ಹೆಸರಿಗೆ ಓಗೊಟ್ಟು, ನನ್ನ ಹದಿನಾಲ್ಕರ ಹುಡುಗಿ ಹೋಗಿ ನಿಂತಳು. ನಿಮ್ಮ ಕೋಚಿಗೂ ತಿಳಿಯಲಿಲ್ಲ. ಸುಮ್ಮನೆ ನಿಂತು ಬಂದಳೇ, ಒಂದು ಪೆನಾಲ್ಟಿಯನ್ನೂ ತಡೆದಳು! ಪೇಪರಿನಲ್ಲಿ ಫೋಟೋ ಬಂತು, ನೀನು ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ಹತ್ತಿರದವರು ಬಂದಾಗಲೆಲ್ಲ ಆ ಕಥೆ ಹೇಳಿ ನಕ್ಕದ್ದೇ ನಕ್ಕದ್ದು. ನಾನೂ ನಕ್ಕಿದ್ದೇನೆ.

ನಿಜ ಹೇಳಿದರೆ ಗೋಡೆಯ ಆಟ ಮುಗಿಯಿತು. ಅವಳದು ಮಾತ್ರವೇ? ಪಟಾಕಿಯೂ ಈಗ ನಿಮ್ಮ ದೇಶದ ದೊಡ್ಡ ತಂಡದ ಬಾಗಿಲಲ್ಲಿ ನಿಂತಿದ್ದಾಳೆ. ತನ್ನ ಹೆಸರಲ್ಲಿ ಬೇರೆಯವಳನ್ನು ಆಡಿಸಿದವಳು ಎಂದು ಗೊತ್ತಾದರೆ ಅವಳನ್ನು ಒಳಗೆ ಬಿಡುತ್ತಾರೆಯೇ? ಹೇಳದಿದ್ದರೆ, ನನ್ನ ಮಗಳು ಚೆಂಡು ತಡೆದಾಗಲೆಲ್ಲ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇತ್ತ ದರಿ, ಅತ್ತ ಪುಲಿ. ನಿನ್ನ ಭಾವನದು ಒಂದೇ ಮಾತು: 'ತೆಗೆಯಕ್ಕೆ ಬಾರದ ಬೀಗ ಅಂತ ಇಲ್ಲ ಕಣೇ, ಆದ್ರೆ ಯಾರಾದ್ರೂ ತೆಗೆಯಕ್ಕೆ ಅಂತ ಬರ್ಬೇಕಲ್ಲ? ಸುಮ್ನಿರು.' ಅವರು ಹಾಗೆಂದು ಗೊರಕೆ ಹೊಡೆಯುತ್ತಾರೆ. ಫಾರಂ ಗೋಡೆಯ ಚೀಲದಲ್ಲಿದೆ, ಸಹಿ ಇಲ್ಲ. ಶುಕ್ರವಾರ ಕೊನೆಯ ದಿನ. ಇವತ್ತು ಅಭ್ಯಾಸಕ್ಕೆಂದು ಬೆಳಗ್ಗೆಯೇ ಹೋದಳು. ನನಗೆ ಭಯವಾಗುತ್ತಿದೆ ಕಣೋ.

ಅದಕ್ಕೇ ನಾಚಿಕೆ ಬಿಟ್ಟು ಕೇಳುತ್ತೇನೆ. ಆ ಫೋಟೋ ಇಳಿಸು. ಕಥೆ ಕೇಳಿದವರು ಯಾರಾದರೂ ಮಾತೆತ್ತಿದರೆ, ತಮಾಷೆಗೆ ಕಟ್ಟಿದ್ದು ಎನ್ನು. ಇಲ್ಲಿಂದ ಫೋನ್ ಮಾಡಿ ವಿಚಾರಿಸಿದರೆ, ಆಡಿದವಳು ಪಟಾಕಿಯೇ ಎಂದು ಹೇಳು. ಅವಳಿಗೂ ಬಾಯಿ ಬಿಡಬೇಡವೆಂದು ಗದರಿಸು. ಈ ಅಕ್ಕ ಇಷ್ಟು ವರ್ಷದಲ್ಲಿ ನಿನ್ನಿಂದ ಏನನ್ನೂ ಬೇಡಿದವಳಲ್ಲ.

ನಿನ್ನ ಮನೆಯವಳಿಗೆ ಉಪ್ಪು ಕಡಿಮೆ ಮಾಡಲು ಹೇಳು. ಪಟಾಕಿಗೆ ಅತ್ತೆಯ ಮುತ್ತು. ನೀನು ನೂರು ವರ್ಷ ಬಾಳು, ಬಸ್ಸು ನಿಧಾನವಾಗಿ ಓಡಿಸು.

ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಗೋಡೆ ಲಾಂಡ್ರಿಗೇ ಬಂದಳು. ಬೆಳಗ್ಗೆ ಹೋದದ್ದು ಅಭ್ಯಾಸಕ್ಕಲ್ಲವಂತೆ, ಆಯ್ಕೆ ಕಚೇರಿಗೆ. ಆಚೆ ದೇಶಕ್ಕೆ ಒಮ್ಮೆ ಬೇರೆಯವಳ ಹೆಸರಿನಲ್ಲಿ ಆಡಿದ್ದೇನೆ ಎಂದು ಹೇಳಿ ಬಂದಿದ್ದಾಳೆ. ಯಾರ ಹೆಸರಿನಲ್ಲಿ ಎಂದು ಕೇಳಿದ್ದಕ್ಕೆ, 'ಅವಳನ್ನ ಕೇಳ್ದೆ ಹೇಳಲ್ಲ' ಅಂದಳಂತೆ. ಶುಕ್ರವಾರದೊಳಗೆ ಆ ಹೆಸರು ಹೇಳಬೇಕಂತೆ. ಎರಡು ಗಂಟೆಯ ಬಸ್ಸಿಗೆ ನಿನ್ನ ಮನೆಗೇ ಹೊರಟಿದ್ದಾಳೆ, ನನಗೆ ಹೊಸದಾಗಿ ಬರೆಯಲು ಹೊತ್ತಿಲ್ಲ. ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವಳು ಅವಳೇ. ಮೇಲಿನದನ್ನು ಅವಳು ಓದಿಲ್ಲ, ಓದಲು ಕೊಡಬೇಡ. ನಾನು ಬೇಡಿದ್ದರಲ್ಲಿ ಒಂದನ್ನೂ ಮಾಡಬೇಡ. ಮಕ್ಕಳಿಬ್ಬರನ್ನೂ ಒಂದು ಕೋಣೆಯಲ್ಲಿ ಬಿಟ್ಟು ನೀನು ಹೊರಗಿರು. ಆವತ್ತು ನಾವು ಅವರನ್ನು ಕೇಳಿರಲಿಲ್ಲ.